ಬೆಕ್ಕಿಗೊಂದು ಕಂಬ

ಏಪ್ರಿಲ್ ತಿಂಗಳ ಚಿತ್ರದುರ್ಗದಲ್ಲಿ ಮಧ್ಯಾಹ್ನ ಮೂರರ ಹೊತ್ತಿಗೆ ಬೆಟ್ಟದ ಬಂಡೆಗಳು ಕಾದು ಕೆಂಡವಾಗಿ, ಊರು ಬಾಗಿಲು ಮುಂದೆ ಮಾಡಿಕೊಂಡು ಮಲಗಿರುತ್ತದೆ. ಆಗ ಕೋಟೆ ಕಡೆಯ ಒಂದು ಮನೆಯಲ್ಲಿ ಬೆಕ್ಕು ನಿದ್ದೆ ಮುಗಿಸಿ ಏಳುತ್ತದೆ. ಬೆನ್ನನ್ನು ಬಿಲ್ಲಿನಂತೆ ಬಾಗಿಸಿ ಆಕಳಿಸಿ, ನಾಲ್ಕು ಹೆಜ್ಜೆ ಇಟ್ಟು ಸೋಫಾದ ತೋಳಿನ ಮುಂದೆ ನಿಲ್ಲುತ್ತದೆ. ಮುಂಗಾಲೆರಡನ್ನೂ ಎಟುಕಿದಷ್ಟು ಮೇಲಕ್ಕೆ ಚಾಚುತ್ತದೆ. ಬಟ್ಟೆಗೆ ಉಗುರು ಊರಿ, ಮೈಭಾರವನ್ನೆಲ್ಲ ಕೆಳಕ್ಕೆ ಬಿಟ್ಟು ಜಗ್ಗುತ್ತದೆ. ಪರ್, ಪರ್, ಪರ್. ನಡುಮನೆಯಿಂದ ಸೊಸೆ ‘ಏಯ್’ ಎಂದು ಕೂಗುತ್ತಾ ಬರುವಷ್ಟರಲ್ಲಿ ಅದು ಅಡುಗೆಮನೆಯ ಕಟ್ಟೆ ಕೆಳಗೆ ಸೇರಿರುತ್ತದೆ. ಸೋಫಾದ ತೋಳಿನಲ್ಲಿ ಹೊಸದಾಗಿ ನಾಲ್ಕು ಗೀರು. ಎಳೆ ಎದ್ದ ಬಟ್ಟೆಯೊಳಗಿಂದ ಹಳದಿ ಸ್ಪಂಜು ಇಣುಕುತ್ತಿರುತ್ತದೆ. ಗೃಹಪ್ರವೇಶಕ್ಕೆಂದು ಕಂತಿನಲ್ಲಿ ತಂದ ಸೋಫಾ ಅದು; ಕಂತು ಇನ್ನೂ ಮುಗಿದಿಲ್ಲ.

ಈ ಮನೆಯ ಗೋಳು ದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ಎಷ್ಟೋ ಮನೆಗಳ ಗೋಳೂ ಹೌದು. ಬೆಕ್ಕು ಬೇಕು, ಸೋಫಾವೂ ಉಳಿಯಬೇಕು. ಎರಡೂ ಆಗುವ ಮಾತೇ. ಆದರೆ ಅದಕ್ಕೆ ಮೊದಲು, ಬೆಕ್ಕು ಆ ತೋಳಿನ ಮುಂದೆ ನಿಂತು ಮಾಡುತ್ತಿರುವುದೇನು ಎಂದು ತಿಳಿಯಬೇಕು.

ಅದೇ ಸೋಫಾದ ಕೆಳಗೆ ಕಸ ಗುಡಿಸುವಾಗ ಒಮ್ಮೊಮ್ಮೆ ಪೊರಕೆಗೆ ಒಂದು ಚೂರು ಸಿಗುತ್ತದೆ. ಬಿದಿಗೆ ಚಂದ್ರನ ಆಕಾರ, ಮಾಸಲು ಬಿಳುಪು, ಅಕ್ಕಿ ಕಾಳಿನಷ್ಟು ಉದ್ದ, ಒಳಗೆ ಟೊಳ್ಳು. ಬೆಕ್ಕಿನ ಉಗುರು ಕಿತ್ತು ಬಂದಿತೆಂದು ಮಕ್ಕಳು ಗಾಬರಿಯಾಗುತ್ತಾರೆ. ಉಗುರು ಕಿತ್ತಿಲ್ಲ; ಅದು ಉಗುರಿನ ಹಳೆಯ ಹೊರಸಿಪ್ಪೆ. ಬೆಕ್ಕಿನ ಉಗುರು ಒಳಗಿನಿಂದ ಬೆಳೆಯುತ್ತಾ ಹೋದಂತೆ ಮೇಲಿನ ಪದರ ಸವೆದು ಸಡಿಲವಾಗುತ್ತದೆ. ಹಾವು ಪೊರೆ ಬಿಡುವ ಹಾಗೆ ಅದನ್ನು ಕಳಚಬೇಕು. ಮುಂಗಾಲಿಗೆ ಐದೈದು, ಹಿಂಗಾಲಿಗೆ ನಾಲ್ಕು ನಾಲ್ಕು, ಒಟ್ಟು 18 ಉಗುರು. ಹಿಂಗಾಲಿನ ಸಿಪ್ಪೆಯನ್ನು ಬೆಕ್ಕು ಹಲ್ಲಿನಿಂದ ಕಚ್ಚಿ ತೆಗೆದುಕೊಳ್ಳುತ್ತದೆ. ಮುಂಗಾಲಿನದಕ್ಕೆ ಮಾತ್ರ ಏನಾದರೂ ಒರಟಾದದ್ದಕ್ಕೆ ಸಿಕ್ಕಿಸಿ ಜಗ್ಗಬೇಕು.

ಇದು ಒಂದು ಕೆಲಸ. ಎರಡನೆಯದು ಗುರುತು ಹಾಕುವುದು. ಬೆಕ್ಕಿನ ಅಂಗಾಲಿನಲ್ಲಿ, ಬೆರಳುಗಳ ಸಂದಿನಲ್ಲಿ ವಾಸನೆ ಒಸರುವ ಗ್ರಂಥಿಗಳಿವೆ. ಪರಚಿದ ಜಾಗದಲ್ಲಿ ಕಣ್ಣಿಗೆ ಗೀರು ಕಂಡರೆ, ಮೂಗಿಗೆ ವಾಸನೆ ಸಿಗುತ್ತದೆ. ಮನುಷ್ಯನ ಮೂಗಿಗೆ ತಿಳಿಯದ, ಇನ್ನೊಂದು ಬೆಕ್ಕಿಗೆ ಚೆನ್ನಾಗಿ ತಿಳಿಯುವ ವಾಸನೆ. ಹೊಲದ ಬದುವಿಗೆ ಬಾಂದುಕಲ್ಲು ನೆಟ್ಟ ಹಾಗೆ. ಮೂರನೆಯದು ಮೈ ಮುರಿಯುವುದು: ಮಲಗಿ ಎದ್ದ ಮೇಲೆ ಭುಜದಿಂದ ಸೊಂಟದವರೆಗಿನ ಸ್ನಾಯುಗಳನ್ನೆಲ್ಲ ಒಂದೇ ಎಳೆತದಲ್ಲಿ ಹಿಗ್ಗಿಸಲು ಅದಕ್ಕೆ ಇದಕ್ಕಿಂತ ಒಳ್ಳೆಯ ದಾರಿಯಿಲ್ಲ. ಎದ್ದ ತಕ್ಷಣವೇ ಪರಚಲು ಹೋಗುವುದು ಇದಕ್ಕೇ.

ದುರ್ಗದವರಿಗೆ ಇದನ್ನು ವಿವರಿಸಲು ದೂರ ಹೋಗಬೇಕಿಲ್ಲ. ಊರ ಬೆನ್ನಿಗೇ ಜೋಗಿಮಟ್ಟಿಯ ಕಾಡು ಇದೆ, ಕಾಡಿನಲ್ಲಿ ಚಿರತೆಗಳಿವೆ. ಚಿರತೆ ತನ್ನ ಸರಹದ್ದಿನ ಮರದ ಬೊಡ್ಡೆಗೆ ಹಿಂಗಾಲ ಮೇಲೆ ನಿಂತು ಉಗುರು ಎಳೆಯುತ್ತದೆ. ತೊಗಟೆಯ ಮೇಲೆ ಉದ್ದುದ್ದ ಗೀರು ಕಂಡರೆ ಅಲ್ಲಿ ಓಡಾಡಿದ್ದು ಯಾರೆಂದು ಕಾಡು ಬಲ್ಲವರು ಹೇಳುತ್ತಾರೆ. ಮೃಗಾಲಯಗಳಲ್ಲಿ ಚಿರತೆ, ಹುಲಿಗಳ ಆವರಣದೊಳಗೆ ಮರದ ದಿಮ್ಮಿ ಇಟ್ಟಿರುವುದರ ಉದ್ದೇಶಗಳಲ್ಲಿ ಇದೂ ಒಂದು. ಬೋನಿನಲ್ಲಿ ಹುಟ್ಟಿದ ಪ್ರಾಣಿಯೂ ಈ ಅಭ್ಯಾಸ ಬಿಡುವುದಿಲ್ಲ ಎಂದು ನೋಡಿಕೊಳ್ಳುವವರಿಗೆ ಗೊತ್ತು. ಬಿಡಿಸಲು ಅವರು ಹೋಗುವುದೂ ಇಲ್ಲ.

ಹಾಗಾದರೆ ಅಜ್ಜಿಯ ಕಾಲದಲ್ಲಿ ಈ ದೂರು ಏಕೆ ಇರಲಿಲ್ಲ?

ಬೆಕ್ಕು ಆಗಲೂ ಇತ್ತು. ಬೆಕ್ಕು ಮನುಷ್ಯನ ಹತ್ತಿರ ಬಂದದ್ದೇ ಕಾಳಿನ ಕಣಜದ ಇಲಿಗಳನ್ನು ಹಿಡಿಯುವ ಆಸೆಯಿಂದ ಎನ್ನುತ್ತಾರೆ ಪುರಾತತ್ವಜ್ಞರು. ಸೈಪ್ರಸ್ ದ್ವೀಪದಲ್ಲಿ ಸುಮಾರು 9,500 ವರ್ಷ ಹಿಂದಿನ ಒಂದು ಸಮಾಧಿಯಲ್ಲಿ ಮನುಷ್ಯನ ಪಕ್ಕದಲ್ಲೇ ಬೆಕ್ಕನ್ನೂ ಹೂತಿದ್ದು ಸಿಕ್ಕಿದೆ. ಚಿತ್ರದುರ್ಗ ಶೇಂಗಾ ಬೆಳೆಯುವ ಜಿಲ್ಲೆ. ಶೇಂಗಾ ಮೂಟೆ ಇದ್ದಲ್ಲಿ ಇಲಿ, ಇಲಿ ಇದ್ದಲ್ಲಿ ಬೆಕ್ಕು. ಏಳು ಸುತ್ತಿನ ಕೋಟೆಯೊಳಗೂ ಕಣಜಗಳಿದ್ದವು. ಅಲ್ಲಿಯೂ ಬೆಕ್ಕಿಗೆ ಕೆಲಸ ಸಿಕ್ಕಿಯೇ ಇರಬೇಕು.

ವ್ಯತ್ಯಾಸ ಮನೆಯಲ್ಲಿದೆ. ಈ ಸೀಮೆಯ ಹಳೆಯ ಮಾಳಿಗೆ ಮನೆಯನ್ನು ನೆನೆಸಿಕೊಳ್ಳಿ. ನಡುಮನೆಯಲ್ಲಿ ಮರದ ಕಂಬ, ಮೇಲೆ ತೊಲೆ, ಜಂತೆ, ಮಾಳಿಗೆಗೆ ಹತ್ತಲು ಏಣಿ. ಮೂಲೆಯಲ್ಲಿ ಗೋಣಿಚೀಲಗಳ ಸಾಲು. ಹಗ್ಗ ಹೆಣೆದ ಮಂಚ. ಗೂಟಕ್ಕೆ ನೇತುಹಾಕಿದ ಕಂಬಳಿ. ಹಿತ್ತಲಲ್ಲಿ ಹುಣಸೆಯದೋ ಬೇವಿನದೋ ಮರ. ಬೆಕ್ಕಿಗೆ ಪರಚಲು ಹತ್ತು ಜಾಗ. ಗೋಣಿಚೀಲದ ಮೇಲೆ ಉಗುರು ಎಳೆದರೆ ಯಾರೂ ಬೈಯುತ್ತಿರಲಿಲ್ಲ. ಕಂಬದ ಬುಡದಲ್ಲಿ ಗೀರು ಬಿದ್ದರೆ ಅದು ಕಂಬದ ಲಕ್ಷಣ ಎಂದುಕೊಂಡು ಸುಮ್ಮನಾಗುತ್ತಿದ್ದರು. ಈಗಿನ ಆರ್‌ಸಿಸಿ ಮನೆಯಲ್ಲಿ ನೆಲಕ್ಕೆ ನುಣುಪು ಟೈಲ್ಸ್, ಅಡುಗೆ ಕಟ್ಟೆಗೆ ಗ್ರಾನೈಟ್, ಗೋಡೆಗೆ ಪುಟ್ಟಿ ಹಚ್ಚಿದ ಪೇಂಟ್. ಉಗುರು ಊರಿದರೆ ಜಾರುತ್ತದೆ. ಅಂಥ ಮನೆಯಲ್ಲಿ ನೆಟ್ಟಗೆ ನಿಂತಿರುವ, ಅಲ್ಲಾಡದ, ಉಗುರು ಹಿಡಿಯುವ ವಸ್ತು ಎಂದರೆ ಸೋಫಾದ ತೋಳು ಒಂದೇ. ಬೆಕ್ಕಿನ ಪಾಲಿಗೆ ಆ ಮನೆಯಲ್ಲಿ ಉಳಿದಿರುವ ಕೊನೆಯ ಮರ ಅದು. ಮನೆ ಬದಲಾಯಿಸಿದವರು ನಾವು. ಬೆಕ್ಕಿಗೆ ಕೊಡಬೇಕಾದ ಮರವೊಂದನ್ನು ಕೊಡುವ ಹೊಣೆಯೂ ನಮ್ಮದೇ.

ಸೊಸೆ ಪೊರಕೆ ಎತ್ತಿಕೊಂಡ ದಿನ ಆ ಮನೆಯ ಅಜ್ಜಿ ತಡೆದರು. “ಹೊಡಿಬ್ಯಾಡ ಕಣವ್ವ. ಅದೇನ್ ಬೇಕಂತ ಮಾಡ್ತೈತಾ? ಹೊಡದ್ರೆ ನಿನ್ ಕಂಡ್ರೆ ಹೆದರ್ತೈತೆ, ಸೋಫಾ ಕಂಡ್ರೆ ಹೆದರಲ್ಲ.”

“ಅತ್ತೆ, ನೀವು ಹಿಂಗಂದೇ ಅದನ್ನ ಹಾಳ್ ಮಾಡಿದ್ದು,” ಎಂದಳು ಸೊಸೆ. ಆದರೂ ಪೊರಕೆ ಕೆಳಗಿಟ್ಟಳು.

ಪ್ರಾಣಿಗಳ ನಡವಳಿಕೆ ಓದಿದ ವೈದ್ಯರು ಹೇಳುವುದೂ ಅಜ್ಜಿಯ ಮಾತನ್ನೇ. ಹೊಡೆತ, ಕೂಗಾಟ, ಮುಖಕ್ಕೆ ನೀರು ಎರಚುವುದು, ಇವುಗಳಿಂದ ಬೆಕ್ಕು ಕಲಿಯುವುದು ಒಂದೇ ಪಾಠ: ಈ ಮನುಷ್ಯ ಇದ್ದಾಗ ಪರಚಬಾರದು. ಮನುಷ್ಯ ಆ ಕಡೆ ಹೋದೊಡನೆ ಕೆಲಸ ಮುಂದುವರಿಯುತ್ತದೆ. ಮೇಲಾಗಿ ಹೆದರಿದ ಬೆಕ್ಕು ತನ್ನ ಜಾಗವನ್ನು ಗಟ್ಟಿ ಮಾಡಿಕೊಳ್ಳಲು ಇನ್ನಷ್ಟು ಗುರುತು ಹಾಕುತ್ತದೆ. ತೆನಾಲಿ ರಾಮಕೃಷ್ಣನ ಬೆಕ್ಕಿನ ಕಥೆ ಕನ್ನಡದ ಮಕ್ಕಳಿಗೆಲ್ಲ ಗೊತ್ತು. ಒಂದೇ ಒಂದು ಸಲ ಸುಡುವ ಹಾಲಿಗೆ ಬಾಯಿಟ್ಟ ಬೆಕ್ಕು ಮುಂದೆ ಹಾಲು ಕಂಡರೆ ಓಡಿಹೋಗುತ್ತಿತ್ತು. ಕಥೆಯನ್ನು ಜಾಣತನದ ಕಥೆಯೆಂದು ಹೇಳುತ್ತೇವೆ. ಬೆಕ್ಕಿನ ಕಡೆಯಿಂದ ನೋಡಿದರೆ ಅದು ನೋವಿನ ಕಥೆ. ನೋವು ಯಾವುದರ ಜೊತೆ ಬಂತೋ ಅದನ್ನು ಬೆಕ್ಕು ಬಿಡುತ್ತದೆ ಎನ್ನುವುದಕ್ಕೆ ಅಷ್ಟು ಚೆನ್ನಾದ ಉದಾಹರಣೆ ಇನ್ನೊಂದಿಲ್ಲ. ಹೊಡೆತ ನಮ್ಮ ಕೈಯಿಂದ ಬಂದರೆ ಅದು ಬಿಡುವುದು ನಮ್ಮ ಕೈಯನ್ನು.

ಮನೆಮದ್ದಿನ ಹೆಸರಿನಲ್ಲಿ ನಡೆಯುವ ಕೆಲವು ಕೆಲಸಗಳು ಹೊಡೆತಕ್ಕಿಂತ ಕೆಟ್ಟವು. ಸೋಫಾದ ಸುತ್ತ ಫಿನಾಯಿಲ್ ಒರೆಸುವವರಿದ್ದಾರೆ, ಸಂದಿಯಲ್ಲಿ ನುಸಿಗುಳಿಗೆ ಇಡುವವರಿದ್ದಾರೆ, ನೀಲಗಿರಿ ಎಣ್ಣೆ ಸಿಂಪಡಿಸುವವರಿದ್ದಾರೆ. ಫಿನಾಲ್ ಜಾತಿಯ ರಾಸಾಯನಿಕಗಳನ್ನು ಅರಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಯಕೃತ್ತಿಗೆ ಬಹಳ ಕಡಿಮೆ. ನಾಯಿಗೆ, ಮನುಷ್ಯರಿಗೆ ಅಷ್ಟಾಗಿ ತಟ್ಟದ ಪ್ರಮಾಣವೂ ಬೆಕ್ಕಿಗೆ ವಿಷವಾಗಬಹುದು. ಅಂಗಾಲಿಗೆ ಹತ್ತಿದ್ದನ್ನು ಅದು ನೆಕ್ಕಿಯೇ ನೆಕ್ಕುತ್ತದೆ. ನುಸಿಗುಳಿಗೆಯೂ ಹಾಗೆಯೇ ಅಪಾಯ. ಖಾರದ ಪುಡಿ ಉದುರಿಸುವುದು ಕ್ರೌರ್ಯ, ಅದಕ್ಕೆ ಬೇರೆ ಹೆಸರಿಲ್ಲ. ಬೆಕ್ಕನ್ನು ದೂರವಿಡಬೇಕೆಂದರೆ ಕೆಡುಕಿಲ್ಲದ ಉಪಾಯಗಳಿವೆ. ಸೋಫಾದ ತೋಳಿಗೆ ದಪ್ಪ ಪ್ಲಾಸ್ಟಿಕ್ ಹಾಳೆ ಬಿಗಿದರೆ ಉಗುರಿಗೆ ಹಿಡಿತ ಸಿಗುವುದಿಲ್ಲ. ಎರಡೂ ಕಡೆ ಅಂಟುವ ಟೇಪು ಹಚ್ಚಿದರೆ ಅಂಗಾಲಿಗೆ ಅಂಟು ತಗಲುವುದು ಬೆಕ್ಕಿಗೆ ಹಿಡಿಸುವುದಿಲ್ಲ. ಒಂದೆರಡು ತಿಂಗಳ ಮಟ್ಟಿಗೆ ಇಷ್ಟು ಸಾಕು. ಹೊಸ ಸೋಫಾ ಕೊಳ್ಳುವವರು ಸಡಿಲ ನೇಯ್ಗೆಯ, ಎಳೆ ಎದ್ದಿರುವ ಬಟ್ಟೆ ಬಿಟ್ಟು ಒತ್ತು ನೇಯ್ಗೆಯ ನುಣುಪು ಬಟ್ಟೆ ಆರಿಸಿಕೊಂಡರೆ ಅರ್ಧ ಜಗಳ ಅಂಗಡಿಯಲ್ಲೇ ಮುಗಿಯುತ್ತದೆ.

ಉಗುರನ್ನೇ ತೆಗೆಸಿಬಿಡಬಹುದಲ್ಲ ಎಂದು ಕೇಳುವವರೂ ಸಿಗುತ್ತಾರೆ. ಪರದೇಶದ ವಿಡಿಯೊ ನೋಡಿ ಬಂದ ಪ್ರಶ್ನೆ ಅದು. ಬೆಕ್ಕಿನ ಉಗುರು ಬೆಳೆಯುವುದು ಬೆರಳಿನ ಕೊನೆಯ ಎಲುಬಿನಿಂದ. ಅದು ಮತ್ತೆ ಬೆಳೆಯಬಾರದೆಂದರೆ ಆ ಎಲುಬನ್ನೇ ಕತ್ತರಿಸಬೇಕು. ಮನುಷ್ಯನಾದರೆ ಹತ್ತೂ ಬೆರಳನ್ನು ಮೇಲಿನ ಗೆಣ್ಣಿನವರೆಗೆ ಕಡಿದಂತೆ. ಇಸ್ರೇಲ್ 2011ರಲ್ಲಿ ಇದನ್ನು ನಿಷೇಧಿಸಿತು. ಅಮೆರಿಕದ ರಾಜ್ಯಗಳಲ್ಲಿ ಮೊದಲು ನಿಷೇಧಿಸಿದ್ದು ನ್ಯೂಯಾರ್ಕ್, 2019ರಲ್ಲಿ. ನಮ್ಮಲ್ಲಿ ಪ್ರಾಣಿಯನ್ನು ಅಂಗಹೀನ ಮಾಡುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧ. ಒಂದು ಸೋಫಾಕ್ಕಾಗಿ ಈ ಮಾತನ್ನು ಆಡಲೇಬಾರದು.

ಇನ್ನು ಕಂಬದ ವಿಷಯ.

2016ರಲ್ಲಿ ಪ್ರಕಟವಾದ ಒಂದು ಸಮೀಕ್ಷೆಯಲ್ಲಿ 39 ದೇಶಗಳ 4,000ಕ್ಕೂ ಹೆಚ್ಚು ಬೆಕ್ಕು ಸಾಕುವವರು ತಮ್ಮ ಮನೆಯ ಕಥೆ ಹೇಳಿದ್ದರು. ಹೆಚ್ಚಿನ ಬೆಕ್ಕುಗಳು ಮೆಚ್ಚಿದ್ದು ಹಗ್ಗ ಸುತ್ತಿದ ಕಂಬವನ್ನು. ಕನಿಷ್ಠ ಮೂರು ಅಡಿ ಎತ್ತರದ, ನೆಟ್ಟಗೆ ನಿಂತ ಕಂಬ ಇದ್ದ ಮನೆಗಳಲ್ಲಿ ಪೀಠೋಪಕರಣಕ್ಕೆ ಬೀಳುವ ಗೀರು ಕಡಿಮೆ. ಕಂಬ ಬಳಸಿದಾಗ ತಿಂಡಿ ಕೊಟ್ಟು ಮೆಚ್ಚಿದರೆ ಬೆಕ್ಕು ಅದನ್ನು ಇನ್ನೂ ಹೆಚ್ಚು ಬಳಸುತ್ತದೆ. ಮುದಿ ಬೆಕ್ಕುಗಳಿಗೆ ಮಾತ್ರ ಹಗ್ಗಕ್ಕಿಂತ ಮೆತ್ತಗಿನ ಕಾರ್ಪೆಟ್ ಹಿತ.

ಸಾಕುಪ್ರಾಣಿ ಅಂಗಡಿಗಳಲ್ಲಿ ಇಂಥ ಕಂಬ ಸಿಗುತ್ತದೆ. ಅದರ ಚೀಟಿಯ ಮೇಲೆ ‘ಸೈಸಲ್’ ಎಂದು ಬರೆದಿರುತ್ತದೆ. ಮೆಕ್ಸಿಕೋದ ಯುಕಟಾನ್ ತೀರದ ಸಿಸಾಲ್ ಎಂಬ ಬಂದರಿನಿಂದ ಬಂದ ಹೆಸರು ಅದು. ದುರ್ಗದ ಬಯಲಿನವರಿಗೆ ಅದು ಯಾವ ನಾರೆಂದು ಗೊತ್ತಾದರೆ ನಂಬುವುದು ಕಷ್ಟ: ನಮ್ಮ ಕತ್ತಾಳೆಯ ಕುಲದ್ದೇ. ಹೊಲದ ಬದುವಿನ ಮೇಲೆ, ರೈಲು ಹಳಿಯ ಪಕ್ಕದಲ್ಲಿ ಮಳೆಯಿಲ್ಲದೆಯೂ ಕತ್ತಿಯಂಥ ಎಲೆ ಎತ್ತಿಕೊಂಡು ನಿಂತಿರುವ ಕತ್ತಾಳೆ. ಅದರ ಪಟ್ಟೆ ಕಡಿದು, ಜಜ್ಜಿ, ನೀರಲ್ಲಿ ಕೊಳೆಹಾಕಿ, ಕೈಗೆ ನವೆ ಹತ್ತುವ ರಸ ತೊಳೆದು ಒಣಗಿಸಿದರೆ ಉದ್ದನೆಯ ಬಿಳಿ ನಾರು. ದನದ ಕಣ್ಣಿ, ಬಾವಿಯ ಹಗ್ಗ ಹೊಸೆಯುತ್ತಿದ್ದದ್ದು ಅದರಲ್ಲೇ. ಬೆಕ್ಕಿನ ಉಗುರಿಗೆ ಅದು ಹೇಳಿ ಮಾಡಿಸಿದ ಹಾಗಿದೆ: ಒರಟು, ಆದರೆ ತೊಡಕಿಕೊಳ್ಳುವುದಿಲ್ಲ; ಎಳೆದಾಗ ಎಳೆ ಬಿಟ್ಟುಕೊಡುತ್ತದೆ, ಗೀರು ಕಣ್ಣಿಗೆ ಕಾಣುತ್ತದೆ. ಸಂತೆಯಲ್ಲಿ ಈಗ ನೈಲಾನ್ ಹಗ್ಗವೇ ಹೆಚ್ಚು. ಅದು ಬೇಡ. ನುಣುಪಾಗಿ ಜಾರುತ್ತದೆ; ಬಿಚ್ಚಿದ ಎಳೆಯನ್ನು ಬೆಕ್ಕು ನುಂಗಿದರೆ ಕರುಳಿಗೆ ಸಿಕ್ಕಿ ಜೀವಕ್ಕೇ ಕುತ್ತು.

ಆ ಮನೆಯಲ್ಲಿ ಕಂಬ ತಯಾರಾದದ್ದು ಒಂದು ಭಾನುವಾರ. ಹೊಳಲ್ಕೆರೆಯ ನೆಂಟರ ತೋಟದಿಂದ ಹಳೆಯ ಅಡಿಕೆ ಮರದ ಬೊಡ್ಡೆಯ ತುಂಡೊಂದು ಬಂದಿತ್ತು, ನಾಲ್ಕು ಅಂಗುಲ ದಪ್ಪ, ಮೂರೂವರೆ ಅಡಿ ಉದ್ದ. ಮಿಕ್ಸಿ ಬಂದಾಗಿನಿಂದ ಹಿತ್ತಲಲ್ಲಿ ಕೆಲಸವಿಲ್ಲದೆ ಕೂತಿದ್ದ ಒರಳುಕಲ್ಲನ್ನು ಮೊಮ್ಮಗ ತಿಕ್ಕಿ ತೊಳೆದ. ಬೊಡ್ಡೆಯನ್ನು ಒರಳಿನ ಗುಣಿಯೊಳಗೆ ನಿಲ್ಲಿಸಿ ಸುತ್ತ ಸಿಮೆಂಟ್ ತುಂಬಿದರು. ಒನಕೆ ಓಬವ್ವನ ಊರಲ್ಲಿ ಒರಳಿನೊಳಗೆ ಮತ್ತೊಮ್ಮೆ ಒನಕೆ ನಿಂತಂತೆ ಕಂಡಿತು. ಎರಡು ದಿನ ಆರಿದ ಮೇಲೆ ಹಗ್ಗ ಸುತ್ತುವ ಕೆಲಸ. ಬೆರಳು ದಪ್ಪದ ಹಗ್ಗವನ್ನು ಸಂದಿ ಬಿಡದೆ ಒತ್ತೊತ್ತಾಗಿ ಸುತ್ತಬೇಕು. ಒಂದು ಸುತ್ತಿಗೆ ಒಂದು ಅಡಿಗಿಂತ ತುಸು ಹೆಚ್ಚು, ಮೂರು ಅಡಿ ಎತ್ತರಕ್ಕೆ ತೊಂಬತ್ತರ ಹತ್ತಿರ ಸುತ್ತು. ಲೆಕ್ಕ ಹಾಕಿದರೆ ಸುಮಾರು 30 ಮೀಟರ್. ಅಜ್ಜಿ ಕೈ ಚಾಚಿ ಅಳೆದು “ಹದಿನಾರು ಮಾರು” ಎಂದರು. ಎರಡೂ ಲೆಕ್ಕ ಒಂದೇ ಆಯಿತು. ಹತ್ತು ಸುತ್ತಿಗೊಮ್ಮೆ ಮರದ ಕೊಡತಿಯಿಂದ ತಟ್ಟಿ ಕೆಳಕ್ಕೆ ಕೂರಿಸಿದರು. ತುದಿಯನ್ನು ಮಾತ್ರ ಮೊಳೆ ಹೊಡೆಯದೆ ಸುತ್ತಿನ ಒಳಕ್ಕೇ ತೂರಿಸಿ ಬಿಗಿದರು, ಅಂಗಾಲಿಗೆ ಚುಚ್ಚಬಾರದೆಂದು.

ಬುಡಕ್ಕೆ ಭಾರವಾದ ಒರಳು ಇಟ್ಟದ್ದು ಸುಮ್ಮನಲ್ಲ. ಬೆಕ್ಕು ಮೈಭಾರ ಬಿಟ್ಟು ಜಗ್ಗಿದಾಗ ಕಂಬ ಒಂದು ಸಲ ಓಲಾಡಿದರೂ ಮುಗಿಯಿತು, ಮತ್ತೆ ಅದರ ಹತ್ತಿರ ಸುಳಿಯುವುದಿಲ್ಲ. ಸಾವಿರಾರು ರೂಪಾಯಿ ಕೊಟ್ಟು ತಂದ ಕಂಬಗಳು ಮೂಲೆ ಸೇರುವುದು ಬಹುಪಾಲು ಈ ಕಾರಣಕ್ಕೆ. ಇನ್ನೊಂದು ಕಾರಣ ಮೂಲೆ ಸೇರಿಸುವುದೇ. ಚೆನ್ನಾಗಿ ಕಾಣುವುದಿಲ್ಲವೆಂದು ಬಾಲ್ಕನಿಯಲ್ಲೋ ಸ್ಟೋರ್‌ರೂಮಿನಲ್ಲೋ ಇಟ್ಟರೆ ಬೆಕ್ಕಿಗೆ ಅದು ಬೇಡ. ಗುರುತು ಹಾಕುವವರು ಜನ ಓಡಾಡುವ ಕಡೆ ಹಾಕುತ್ತಾರೆ. ಕಂಬ ನಿಲ್ಲಬೇಕಾದದ್ದು ಪರಚಿದ ಸೋಫಾದ ತೋಳಿನ ಪಕ್ಕದಲ್ಲೇ, ಅಥವಾ ಬೆಕ್ಕು ಮಲಗಿ ಏಳುವ ಜಾಗದಿಂದ ನಾಲ್ಕು ಹೆಜ್ಜೆಯಲ್ಲಿ. ಅಭ್ಯಾಸವಾದ ಮೇಲೆ ದಿನಕ್ಕೆ ಗೇಣುದ್ದ ಸರಿಸುತ್ತಾ ಬೇಕಾದ ಕಡೆ ಒಯ್ಯಬಹುದು.

ಬೆಕ್ಕನ್ನು ಕಂಬದ ಹತ್ತಿರ ಕರೆಯುವುದು ಹೇಗೆ? ಪರದೇಶದಲ್ಲಿ ಇದಕ್ಕೆ ಕ್ಯಾಟ್‌ನಿಪ್ ಎಂಬ ಸೊಪ್ಪು ಮಾರುತ್ತಾರೆ. ನಮ್ಮ ಪಾಳು ಜಾಗಗಳಲ್ಲಿ, ಚರಂಡಿ ಪಕ್ಕದಲ್ಲಿ ಕುಪ್ಪಿಗಿಡ ತಾನಾಗಿ ಬೆಳೆದಿರುತ್ತದೆ. ಅದರ ಬೇರು ಕಿತ್ತು ಬೆಕ್ಕಿನ ಮುಂದಿಟ್ಟು ನೋಡಿದವರಿಗೆ ಗೊತ್ತು: ಮೂಸಿ, ಕೆನ್ನೆ ಉಜ್ಜಿ, ನೆಲದ ಮೇಲೆ ಹೊರಳಾಡುತ್ತದೆ. ತಾಜಾ ಬೇರನ್ನು ಹಗ್ಗದ ಮೇಲೆ ತಿಕ್ಕಿದರೆ ಕಂಬದ ಪರಿಚಯ ತಾನಾಗಿ ಆಗುತ್ತದೆ. ಬೆಕ್ಕಿನ ಕಾಲು ಹಿಡಿದು ಬಲವಂತವಾಗಿ ಕಂಬಕ್ಕೆ ಉಜ್ಜುವುದು ಬೇಡ. ಕಾಲು ಹಿಡಿಸಿಕೊಳ್ಳುವುದು ಅದಕ್ಕೆ ಆಗುವುದಿಲ್ಲ. ದಾರದ ತುದಿಗೆ ಗರಿ ಕಟ್ಟಿ ಕಂಬದ ಮೇಲೆ ಆಡಿಸಿದರೆ ಆಟದ ಭರದಲ್ಲಿ ಉಗುರು ಊರುತ್ತದೆ. ಆ ಕ್ಷಣದಲ್ಲೇ ಬೇಯಿಸಿದ ಮೊಟ್ಟೆಯ ಒಂದು ಚೂರು. ಮೊಟ್ಟೆ ತರದ ಮನೆಯಲ್ಲಿ ಬೆರಳ ತುದಿಗೆ ಸವರಿದ ಬೆಣ್ಣೆ. ಹಾಲಿನ ಬಟ್ಟಲು ಮಾತ್ರ ಬೇಡ. ಬೆಳೆದ ಬೆಕ್ಕುಗಳಲ್ಲಿ ಹೆಚ್ಚಿನವಕ್ಕೆ ಹಾಲು ಅರಗದೆ ಹೊಟ್ಟೆ ಕೆಡುತ್ತದೆ.

ಎಲ್ಲ ಬೆಕ್ಕಿನ ರುಚಿಯೂ ಒಂದೇ ಅಲ್ಲ. ನೆಟ್ಟಗಿನ ಕಂಬ ಬಿಟ್ಟು ನೆಲದ ಮೇಲಿನ ಜಮಖಾನ ಕೆರೆಯುವವೂ ಇವೆ. ಅಂಥವಕ್ಕೆ ಒಂದು ಹಲಗೆಗೆ ಗೋಣಿಚೀಲ ಬಿಗಿದು ಅಡ್ಡ ಇಡಬೇಕು. ಹೊಸದುರ್ಗದ ತೆಂಗಿನ ಸೀಮೆಯವರಿಗೆ ನಾರಿನ ಹುರಿ ಮನೆಯಲ್ಲೇ ಸಿಗುತ್ತದೆ. ಮಂಚದ ಕಾಲಿಗೆ ಸುತ್ತಿದರೂ ಆಯಿತು. ವಾಣಿವಿಲಾಸ ಸಾಗರದ ನೀರು ಹರಿಯುವ ಹಿರಿಯೂರಿನ ತೋಟದ ಮನೆಗಳಲ್ಲಿ ಬಿದ್ದ ತೆಂಗಿನ ದಿಮ್ಮಿಯೊಂದನ್ನು ಜಗಲಿಗೆ ಉರುಳಿಸಿದರೆ ಬೆಕ್ಕು ಅದನ್ನೇ ಮೆಚ್ಚಬಹುದು. ಹಳೆಯ ಕಂಬಳಿ ತುಂಡಾದರೂ ಸರಿ. ಎರಡು ಮೂರು ಬಗೆ ಇಟ್ಟು ಒಂದು ವಾರ ಸುಮ್ಮನೆ ನೋಡಿದರೆ ಯಾವುದೆಂದು ಅದೇ ಹೇಳುತ್ತದೆ.

ಕಂಬ ಬಂದ ಮೇಲೂ ಎರಡು ಮೂರು ವಾರಕ್ಕೊಮ್ಮೆ ಉಗುರಿನ ತುದಿ ಕತ್ತರಿಸುವುದು ಒಳ್ಳೆಯದು. ಬೆಕ್ಕು ಅರೆನಿದ್ದೆಯಲ್ಲಿ ಮಡಿಲಲ್ಲಿದ್ದಾಗ ಬೆರಳನ್ನು ಮೆಲ್ಲಗೆ ಒತ್ತಿದರೆ ಉಗುರು ಹೊರಗೆ ಬರುತ್ತದೆ. ಬೆಳಕಿಗೆ ಹಿಡಿದರೆ ಒಳಗೆ ಗುಲಾಬಿ ಬಣ್ಣ ಕಾಣುತ್ತದೆ, ಅದು ರಕ್ತ ಹರಿಯುವ ಭಾಗ. ಅದನ್ನು ಮುಟ್ಟದೆ ಬಿಳಿ ಕೊಕ್ಕನ್ನಷ್ಟೇ ತೆಗೆಯಬೇಕು. ಒಂದು ದಿನಕ್ಕೆ ಎರಡೇ ಉಗುರಾದರೂ ನಷ್ಟವಿಲ್ಲ. ಆಟದಲ್ಲಿ ಬೆಕ್ಕು ಮಕ್ಕಳನ್ನು ಪರಚಿ ಚರ್ಮ ಗೀರಿದರೆ ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಅಂದೇ ಆಸ್ಪತ್ರೆಗೆ ತೋರಿಸಬೇಕು. ರೇಬಿಸ್ ಬೆಕ್ಕಿನಿಂದಲೂ ಬರುತ್ತದೆ. ಬೆಕ್ಕಿಗೆ ವರ್ಷಕ್ಕೊಮ್ಮೆ ಲಸಿಕೆ ಹಾಕಿಸುವುದನ್ನು ಮರೆಯಬಾರದು.

ಇದ್ದಕ್ಕಿದ್ದಂತೆ ಪರಚುವುದು ಹೆಚ್ಚಾದರೆ ಮನೆಯಲ್ಲಿ ಬೇರೇನಾದರೂ ಬದಲಾಗಿದೆಯೇ ನೋಡಬೇಕು. ಫ್ರಾನ್ಸಿನಲ್ಲಿ 1,200ಕ್ಕೂ ಹೆಚ್ಚು ಬೆಕ್ಕು ಸಾಕುವವರನ್ನು ಕೇಳಿ ಮಾಡಿದ, 2024ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಚಿಕ್ಕ ಮಕ್ಕಳಿರುವ ಮನೆಯ ಬೆಕ್ಕುಗಳು ಹೆಚ್ಚು ಪರಚುತ್ತಿದ್ದವು. ಒತ್ತಡ ಅದಕ್ಕೆ ಒಂದು ಕಾರಣವಿರಬಹುದೆಂದು ಸಂಶೋಧಕರು ಕಂಡರು. ಮದುವೆಗೆ ನೆಂಟರು ತುಂಬಿದ ಮನೆ, ಗಣಪತಿ ಮೆರವಣಿಗೆಯ ಪಟಾಕಿ, ಕಿಟಕಿಯಾಚೆ ಹೊಸದಾಗಿ ಬಂದು ಕೂರುವ ಬೀದಿ ಬೆಕ್ಕು, ಎಲ್ಲವೂ ಅದರ ಮನಸ್ಸಿಗೆ ತಟ್ಟುತ್ತವೆ. ಗದ್ದಲದ ದಿನ ಅಟ್ಟದ ಮೇಲೋ ಬೀರುವಿನ ಮೇಲೋ ಯಾರೂ ಮುಟ್ಟದ ಜಾಗವೊಂದನ್ನು ಬಿಟ್ಟುಕೊಟ್ಟರೆ ಅದು ಅಲ್ಲಿ ಹೋಗಿ ಕೂರುತ್ತದೆ.

ಆ ಮನೆಯ ಬೆಕ್ಕು ಮೊದಲ ಐದು ದಿನ ಕಂಬದ ಕಡೆ ತಿರುಗಿ ನೋಡಲಿಲ್ಲ. ಆರನೆಯ ದಿನ ಮೂಸಿತು. ಕೆನ್ನೆ ಉಜ್ಜಿ ಹೋಯಿತು. ಒಂಬತ್ತನೆಯ ಮಧ್ಯಾಹ್ನ ನಿದ್ದೆಯಿಂದ ಎದ್ದು, ಪ್ಲಾಸ್ಟಿಕ್ ಬಿಗಿದ ಸೋಫಾದ ತೋಳಿಗೆ ಒಮ್ಮೆ ಕಾಲು ಹಚ್ಚಿ, ಜಾರಿ, ಪಕ್ಕಕ್ಕೆ ತಿರುಗಿ ಕಂಬವನ್ನು ತಬ್ಬಿಕೊಂಡಿತು. ಒರಳು ಅಲ್ಲಾಡಲಿಲ್ಲ. ಮೊಮ್ಮಗ ಮೊಟ್ಟೆ ಚೂರು ಹಿಡಿದು ಓಡಿಬಂದ. ವರ್ಷ ಕಳೆಯುವಷ್ಟರಲ್ಲಿ ಹಗ್ಗದ ಮೇಲ್ಭಾಗ ಕುರಿಯ ತುಪ್ಪಳದಂತೆ ಎದ್ದು, ಕೆಳಗೆ ದಿನವೂ ನಾರಿನ ಕಸ ಬೀಳತೊಡಗಿತು. ಪೂರ್ತಿ ಬಿಚ್ಚಿ ಹೊಸದು ಸುತ್ತೋಣವೆಂದ ಸೊಸೆಗೆ ಅಜ್ಜಿ “ಅದ್ರ ವಾಸ್ನೆ ಹೋಗ್ತೈತೆ, ಅರ್ಧ ಬಿಡು” ಎಂದರು. ಸಂತೆಯಿಂದ ಎಂಟು ಮಾರು ಹಗ್ಗ ಬಂತು. ಹರಿದಿದ್ದ ಮೇಲರ್ಧಕ್ಕೆ ಸೊಸೆಯೇ ಕೂತು ಸುತ್ತಿದಳು. ಬೆಕ್ಕು ಕೆಳಗರ್ಧದ ಹಳೆಯ ಹಗ್ಗಕ್ಕೆ ಬೆನ್ನು ಒರಗಿಸಿ ನೋಡುತ್ತಿತ್ತು.